ಕವಳಿ ಹಳ್ಳದ ಎರಡು ಎಕರೆ

ಹಳ್ಳದ ವಸ್ತಿ, ತಡವಳ
14 ಜನವರಿ 2024

ಅಕ್ಕನಿಗೆ ಕಲ್ಲಣ್ಣನ ನಮಸ್ಕಾರ.

ಫೋನು ಬಿಟ್ಟು ಕಾಗದ ಬರೆದಿದ್ದಾನೆಂದು ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಆರಾಮ ಇದ್ದಾರೆ. ಫೋನಿನಲ್ಲಾದರೆ ನಾವಿಬ್ಬರೂ ಮೂರನೆಯ ಮಾತಿಗೇ ಜಗಳಕ್ಕೆ ಬೀಳುತ್ತೇವೆ. ಪಕ್ಕದಲ್ಲಿ ಮಗ ಸ್ವಪ್ನಿಲ ಕಿವಿ ಕೊಟ್ಟು ಕೂತಿರುತ್ತಾನೆ. ಕಾಗದಕ್ಕೆ ಆ ಭಯವಿಲ್ಲ. ಮಗ, ಸೊಸೆ ಇಬ್ಬರೂ ಮರಾಠಿ ಸಾಲೆ ಕಲಿತವರು. ಕನ್ನಡ ಕಾಗದವನ್ನು ನಡುಮನೆಯಲ್ಲಿ ಹರವಿಟ್ಟರೂ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಕೆಂಪು ಪೆನ್ನು ಹಿಡಿದು ತಿದ್ದಲು ಕೂಡಬೇಡ.

ಮಾತು ಹಳ್ಳದ್ದು. ಈ ಬೇಸಿಗೆಯಲ್ಲಿ ಎರಡೂ ರಾಜ್ಯದ ಮೋಜಣಿಯವರು ಕೂಡಿ ಬಂದು ಕವಳಿ ಹಳ್ಳದ ಗಡಿ ಅಳೆಯುತ್ತಾರಂತೆ. ನಿನಗೆ ಗೊತ್ತಿದ್ದದ್ದೇ: ಈ ದಂಡೆ ಮಹಾರಾಷ್ಟ್ರ, ನಮ್ಮದು, ಆ ದಂಡೆ ಕರ್ನಾಟಕ, ಸಿದ್ದರಾಮಪ್ಪನದು. ತೊಂಬತ್ತೆಂಟರ ಮಳೆಗೆ ಹಳ್ಳ ಮೂಡಣಕ್ಕೆ ಸರಿದು ಅವರ ಎರಡು ಎಕರೆ ನಮ್ಮ ಕಡೆ ಬಂತು. ಅಪ್ಪ ಅದನ್ನು ಉತ್ತ. ಆಗ ನೀನೇ ಕಚೇರಿಗೆ ಬರೆದುಕೊಟ್ಟಿದ್ದೆ, ಇಲ್ಲಿ ಬಾಂದಗಲ್ಲು ಎಂಬುದೇ ಇಲ್ಲ, ಮೊದಲಿನಿಂದಲೂ ಹಳ್ಳವೇ ಗಡಿ ಎಂದು. ಸಾಲೆಯಲ್ಲಿ ಭೂಗೋಳ ಕಲಿಸುವ ಬಾಯಿಯವರು ಬರೆದದ್ದೆಂದು ಯಾರೂ ತಿರುಗಿ ಕೇಳಲಿಲ್ಲ. ಈಗ ನೋಡು, 2020ರ ಮಹಾಪೂರಕ್ಕೆ ಹಳ್ಳ ಮತ್ತೆ ಪಡುವಣಕ್ಕೆ ಬಂದು ಕೂತಿದೆ, ಆ ಎರಡು ಎಕರೆ ಆಚೆ ಹೋಗಿದೆ. ನಾಲ್ಕು ವರ್ಷ ನಾನೂ ಬಿತ್ತಿಲ್ಲ, ಅವರೂ ಬಿತ್ತಿಲ್ಲ. ಸಿದ್ದರಾಮಪ್ಪನ ಮಗ ಶಿವಶರಣ ನಿನ್ನ ಅದೇ ಕಾಗದದ ನಕಲು ಹಿಡಿದು ಕೇಳುತ್ತಿದ್ದಾನೆ, ಹಳ್ಳವೇ ಗಡಿಯಾದರೆ ಹೊಲ ಯಾರದು ಎಂದು.

ಎರಡು ಎಕರೆ ಹೋದರೆ ಹೋಗಲಿ, ಅದರಿಂದ ನಮ್ಮ ಒಲೆ ಆರುವುದಿಲ್ಲ. ಆದರೆ ಅವ್ವನ ಸಮಾಧಿ ಅಲ್ಲಿದೆ. ಅವ್ವನ ಮಗ್ಗುಲಲ್ಲೇ ನನಗೂ ಮಣ್ಣು ಕೊಡಬೇಕೆಂದು ಹದಿನಾಲ್ಕು ವರ್ಷದಿಂದ ಮನೆಯಲ್ಲಿ ಹೇಳುತ್ತ ಬಂದಿದ್ದೇನೆ. ನಮ್ಮಲ್ಲಿ ಮಣ್ಣು ಕೊಡುವುದು ಸ್ವಂತ ಹೊಲದಲ್ಲಿ. ಮಂದಿಯ ಹೊಲದಲ್ಲಿ ನನ್ನನ್ನು ಯಾರು ಮಲಗಿಸುತ್ತಾರೆ?

ಅದಕ್ಕೆ ನೀನು ಹಳ್ಳದ ಭೂಗೋಳ, ಇತಿಹಾಸ ಎರಡನ್ನೂ ಕೂಡಿಸಿ ನಾಲ್ಕು ಪುಟ ಬರೆ. ನಿನ್ನ ಮಾತಿಗೆ ಈಗಲೂ ತೂಕ ಇದೆ. ನಡುವೆ ಒಂದು ಸಾಲು ಸೇರಿಸು: ಹಿಂದೆ ಬಾಂದಗಲ್ಲು ಇತ್ತು, ಅದು ಆಚೆ ದಂಡೆಯ ಬನ್ನಿ ಗಿಡದ ಬುಡಕ್ಕೆ ಇತ್ತು ಎಂದು. ಆಗ ಮರೆತಿದ್ದೆ, ಈಗ ನೆನಪಾಯಿತು ಎಂದರೆ ಮುಗಿಯಿತು. ನಿನ್ನ ವಯಸ್ಸಿಗೆ ಮರೆವು ಒಪ್ಪುತ್ತದೆ.

ನಿನ್ನ ತಮ್ಮ
ಕಲ್ಲಣ್ಣ


ನವಿ ಪೇಠ, ಸೊಲ್ಲಾಪುರ
2 ಫೆಬ್ರುವರಿ 2024

ಕಲ್ಲಣ್ಣಾ,

ಕೆಂಪು ಪೆನ್ನು ಹುಡುಕಿದೆ, ಸಿಗಲಿಲ್ಲ, ನೀನು ಬಚಾವಾದೆ. ನಿನ್ನ ಭಾವ ಬೆಳಿಗ್ಗೆ ಅಂಗಡಿಗೆ ಇಳಿದುಹೋದರೆ ಮಧ್ಯಾಹ್ನದವರೆಗೆ ನನಗೆ ಕೆಲಸವಿಲ್ಲ. ಕಾಗದ ಮೇಜಿನ ಮೇಲೆ ತೆರೆದೇ ಇರುತ್ತದೆ. ಸೊಸೆ ಪ್ರಾಜಕ್ತಾ ಬಂದು ನೋಡಿ, "ಕಿತೀ ಸುಂದರ ಅಕ್ಷರ, ಆಯೀ" ಎಂದು ಮೆಚ್ಚಿ ಹೋಗುತ್ತಾಳೆ. ಏನು ಬರೆದಿದೆ ಎಂದು ಅವಳಿಗೆ ಓದಲು ಬಾರದು.

ಭೂಗೋಳದ ಭಾಗ ಬರೆದಿದ್ದೇನೆ. ಕವಳಿ ಹಳ್ಳ ಹುಟ್ಟುವುದು ತಡವಳದ ಬಡಗಣ ಮಡ್ಡಿ ದಿಣ್ಣೆಯ ಕೆಳಗೆ, ಕವಳಿಕಂಟಿಗಳ ನಡುವಿನ ಒಂದು ಒರತೆಯಲ್ಲಿ. ಉದ್ದ ಹದಿನೆಂಟು ಕಿಲೋಮೀಟರಿನಷ್ಟು. ಸೇರುವುದು ಭೀಮೆಯನ್ನು. ಯಾವ ನಕಾಶೆಯಲ್ಲಿಯೂ ಇದರ ಹೆಸರಿಲ್ಲ. ಮೂವತ್ತೊಂದು ವರ್ಷ ನಕಾಶೆ ಬರೆಯಿಸಿದ್ದೇನೆ, ಒಬ್ಬ ಹುಡುಗಿಯ ಕೈಯಲ್ಲಿಯೂ ಈ ಹಳ್ಳವನ್ನು ಎಳೆಯಿಸಲಿಲ್ಲ. ಪೆನ್ಸಿಲಿನ ಮೊನೆ ಅದಕ್ಕಿಂತ ದಪ್ಪ.

ಎರೆಯ ನೆಲ, ಇಳಿಜಾರು ಕಡಿಮೆ. ಇಂಥಲ್ಲಿ ನೀರು ನೆಟ್ಟಗೆ ಹೋಗುವುದಿಲ್ಲ, ಬಾಗಿ ಬಳುಕಿ ಹೋಗುತ್ತದೆ. ಬಾಗಿನ ಹೊರಮಗ್ಗುಲನ್ನು ಕೊರೆಯುತ್ತದೆ, ಒಳಮಗ್ಗುಲಿಗೆ ಮಣ್ಣು ತಂದು ಹಾಕುತ್ತದೆ. ಒಬ್ಬರ ಹೊಲ ತೆಳುವಾದಷ್ಟು ಇನ್ನೊಬ್ಬರದು ಬೆಳೆಯುತ್ತದೆ. ದೊಡ್ಡ ಮಳೆ ಬಂದಾಗ ಬಾಗನ್ನು ಬಿಟ್ಟು ಅಡ್ಡದಾರಿ ಹಿಡಿಯುತ್ತದೆ. ತೊಂಬತ್ತೆಂಟರಲ್ಲಿಯೂ ಇಪ್ಪತ್ತರಲ್ಲಿಯೂ ಆದದ್ದು ಇಷ್ಟೇ. ಇದರಲ್ಲಿ ಹಳ್ಳದ ತಪ್ಪಿಲ್ಲ, ಪುಣ್ಯವೂ ಇಲ್ಲ.

ಒಂದು ಕೆಲಸ ಮಾಡು. ಒರತೆಯಿಂದ ನಮ್ಮ ಹೊಲದವರೆಗೆ ಒಮ್ಮೆ ನಡೆದು ನೋಡಿ ಅಗಲ ಎಷ್ಟು, ಈಗ ನೀರಿದೆಯೋ ಇಲ್ಲವೋ ಬರೆ. ಸ್ವಪ್ನಿಲನನ್ನು ಕಳಿಸಬೇಡ, ಅವನು ಮೋಟರ್‌ಸೈಕಲ್ ಮೇಲೆ ಹೋಗಿ ಅಂದಾಜು ಬರೆದು ತರುತ್ತಾನೆ.

ನೀನು ಹೇಳಿದ ಒಂದು ಸಾಲು ಇನ್ನೂ ಬರೆದಿಲ್ಲ. ಅದು ಇತಿಹಾಸದ ಭಾಗದಲ್ಲಿ ಬರತಕ್ಕದ್ದು.

ಕಸ್ತೂರಬಾಯಿ


ಹಳ್ಳದ ವಸ್ತಿ
25 ಫೆಬ್ರುವರಿ 2024

ಅಕ್ಕಾ,

ಅರವತ್ತೆರಡರ ಮುದುಕನಿಗೆ ಮನೆಗೆಲಸ ಕೊಟ್ಟಿದ್ದೀ. ಮಾಡಿದ್ದೇನೆ. ಒರತೆಯಲ್ಲಿ ಎರಡು ಕೊಡ ತುಂಬುವಷ್ಟು ನೀರು. ಅಲ್ಲಿಂದ ಮುಂದೆ ಮೊಣಕಾಲಿನವರೆಗೆ ಇಳಿದು ಅಳೆದೆ. ಮೂರು ಮಾರು, ಐದು ಮಾರು, ನಮ್ಮ ಹೊಲದ ಹತ್ತಿರ ಎಂಟು ಮಾರು. ನೀರು ಅಲ್ಲಲ್ಲಿ ಮಡುವಿನಲ್ಲಿ ನಿಂತಿದೆ, ಹರಿವಿಲ್ಲ. ಜಾಲಿಮುಳ್ಳು ಎರಡು ಸಲ ಚುಚ್ಚಿತು. ಅದನ್ನೂ ಭೂಗೋಳದಲ್ಲಿ ಸೇರಿಸು.

ಆ ದಂಡೆಯಲ್ಲಿ ಸಿದ್ದರಾಮಪ್ಪ ಎಮ್ಮೆ ಮೈ ತೊಳೆಯುತ್ತಿದ್ದ. ನಾನು ಹಗ್ಗ ಹಿಡಿದು ಅಳೆಯುವುದನ್ನು ಕಂಡು, "ಏನ್ ಕಲ್ಲಣ್ಣಾ, ಹಳ್ಳಕ್ಕ ಅಂಗಿ ಹೊಲಿಸಾವ ಇದ್ದೀಯೇನ?" ಎಂದ.

"ಅಕ್ಕ ಕೇಳ್ಯಾಳ," ಎಂದೆ.

ಅವನ ನಗು ನಿಂತಿತು. ಸ್ವಲ್ಪ ಹೊತ್ತು ಎಮ್ಮೆಯ ಬೆನ್ನನ್ನೇ ತಿಕ್ಕಿದ. ಆಮೇಲೆ, "ಅಕ್ಕಾರು ಆರಾಮ ಅದಾರೇನ? ಮೋಜಣಿಗಿ ಬರ್ತಾರೇನ?" ಎಂದು ಕೇಳಿದ. ಗೊತ್ತಿಲ್ಲ ಎಂದೆ. ಅವನಿಗೆ ಇದೇಕೆ ಬೇಕು? ಇನ್ನೊಂದು ಕೇಳು. ಅವ್ವನ ಸಮಾಧಿಯ ಸುತ್ತ ಕಸ ಕಿತ್ತು ಸ್ವಚ್ಛ ಮಾಡಿದ್ದಾರೆ. ನಾನು ಮಾಡಿಸಿಲ್ಲ. ಇದು ಹಕ್ಕು ತೋರಿಸುವ ಹಿಕಮತ್ತು, ನನಗೆ ತಿಳಿಯದೇನು?

ಮನೆಯಾಕೆ ಗುರುಬಾಯಿ ಮೊನ್ನೆ ರೊಟ್ಟಿ ತಟ್ಟುತ್ತ ಹೇಳಿದಳು, ಆ ಎರಡು ಎಕರೆಯ ಜೋಳದ ರೊಟ್ಟಿಯನ್ನು ಅವ್ವ ಒಂದು ದಿನವೂ ತಿಂದವಳಲ್ಲ ಎಂದು. "ಆ ಜ್ವಾಳ ಕಹಿ ಹತ್ತತಾವ, ನೀವ ತಿನ್ರಿ" ಅನ್ನುತ್ತಿದ್ದಳಂತೆ. ನಮಗೆ ಯಾರಿಗೂ ಕಹಿ ಹತ್ತಿರಲಿಲ್ಲ. ಅಂಥವಳು ಸಾಯುವಾಗ ಅಪ್ಪನ ಮಗ್ಗುಲು ಬೇಡ, ಹಳ್ಳದ ಹೊಲದಲ್ಲೇ ಇಡ್ರಿ ಎಂದು ಹಟ ಹಿಡಿದಳಲ್ಲ, ನಿನಗೇನಾದರೂ ಅರ್ಥವಾಗುತ್ತದೆಯೆ? ಮನೆಯ ಹಿಂದಿನ ಹೊಲದಲ್ಲಿ ಅಪ್ಪನ ಹತ್ತಿರ ಜಾಗ ಬೇಕಾದಷ್ಟಿತ್ತು. ನಾನು ಕೊನೆಯ ಆಸೆಯೆಂದು ನಡೆಸಿಕೊಟ್ಟೆ, ಕಾರಣ ಕೇಳಲಿಲ್ಲ.

ಇತಿಹಾಸ ಬೇಗ ಮುಗಿಸು. ಮೋಜಣಿ ಮೇ ತಿಂಗಳಿಗೆ ಗೊತ್ತಾಗಿದೆ.

ಕಲ್ಲಣ್ಣ


ಸೊಲ್ಲಾಪುರ
20 ಮಾರ್ಚ್ 2024

ಕಲ್ಲಣ್ಣಾ,

ಇತಿಹಾಸದ ಭಾಗ ಇದು. ಕೂತು ಓದು, ನಿಂತು ಓದಬೇಡ.

ಅಜ್ಜನ ಕಾಲಕ್ಕೆ ಈ ದಂಡೆ ಅಕ್ಕಲಕೋಟ ಸಂಸ್ಥಾನ, ಆ ದಂಡೆ ನಿಜಾಮನ ಸೀಮೆ. ಸಂಸ್ಥಾನಗಳು ಹೋದ ಮೇಲೆ ಮುಂಬಯಿ ರಾಜ್ಯ, ಹೈದರಾಬಾದ್ ರಾಜ್ಯ. ಐವತ್ತಾರರಲ್ಲಿ ಆಚೆಯದು ಮೈಸೂರು ರಾಜ್ಯವಾಯಿತು, ಅರವತ್ತರಲ್ಲಿ ಈಚೆಯದು ಮಹಾರಾಷ್ಟ್ರವಾಯಿತು, ಎಪ್ಪತ್ತಮೂರರಲ್ಲಿ ಆಚೆಯದು ಕರ್ನಾಟಕ. ಇಷ್ಟೆಲ್ಲ ಆಗುವಾಗ ಎರಡೂ ದಂಡೆಯ ಹೆಂಗಸರು ಇದೇ ನೀರಿಗೆ ಇಳಿದು ಬಟ್ಟೆ ಒಗೆದು, ಒಂದೇ ಬನ್ನಿ ಗಿಡದ ಮೇಲೆ ಒಣಹಾಕುತ್ತಿದ್ದರು. ಅವ್ವನ ಸೀರೆ ಒಮ್ಮೆ ಹಾರಿ ಮೈಸೂರು ರಾಜ್ಯಕ್ಕೆ ಹೋಗಿತ್ತು. ಸಿದ್ದರಾಮಪ್ಪನ ತಾಯಿ ಮಡಿಚಿ ತಂದುಕೊಟ್ಟಳು.

1966ರಲ್ಲಿ ಎರಡು ಮನೆಯವರೂ ಕೂಡಿ ಬಾಂದಗಲ್ಲು ನೆಟ್ಟರು. ನನಗೆ ಹತ್ತು ವರ್ಷ. ನೀನು ಅವ್ವನ ಬಗಲಲ್ಲಿ ಕೂತು ಮೂಗು ಸುರಿಸುತ್ತಿದ್ದೆ. ಎದೆಮಟ್ಟ ತಗ್ಗು ತೋಡಿ, ಒಡೆದ ಗಡಿಗೆಯ ಬೋಕಿ ಹಾಕಿ, ಅದರ ಮೇಲೆ ಇದ್ದಿಲು ಸುರಿದು, ಮಣ್ಣು ಮುಚ್ಚಿ, ಮೇಲೆ ಕಲ್ಲು ನಿಲ್ಲಿಸಬೇಕು. ಕಲ್ಲನ್ನು ಯಾರಾದರೂ ಕಿತ್ತುಕೊಂಡು ಹೋದಾರು. ಇದ್ದಿಲು ಕೊಳೆಯುವುದಿಲ್ಲ, ಗೆದ್ದಲು ಹತ್ತುವುದಿಲ್ಲ, ಅದನ್ನು ಕದಿಯುವ ಬುದ್ಧಿ ಯಾರಿಗೂ ಬರುವುದಿಲ್ಲ. ಆ ಇದ್ದಿಲನ್ನು ಹಾಕುವುದು ದೊಡ್ಡವರಲ್ಲ, ದಂಡೆಗೊಂದರಂತೆ ಎರಡು ಮಕ್ಕಳು. ದೊಡ್ಡವರು ಮಣ್ಣಾದ ಮೇಲೂ ಸಾಕ್ಷಿ ಉಳಿಯಲೆಂದು. ಹಾಕಿದ ಕೂಡಲೇ ಕಿವಿ ಹಿಂಡುತ್ತಾರೆ, ನೆನಪಿರಲಿ ಎಂದು. ಆಮೇಲೆ ಬೆಲ್ಲ ಕೊಡುತ್ತಾರೆ. ಈ ದಂಡೆಯ ಕೂಸು ನಾನು. ಆ ದಂಡೆಯದು ಒಂಬತ್ತು ವರ್ಷದ ಸಿದ್ದರಾಮಪ್ಪ. ಅವನ ಅಪ್ಪ ನನ್ನ ಕಿವಿ ಹಿಂಡಿದ, ನಮ್ಮ ಅಪ್ಪ ಅವನ ಕಿವಿ ಹಿಂಡಿದ. ಅವನು ಅತ್ತ, ನಾನು ಅಳಲಿಲ್ಲ.

ತೊಂಬತ್ತೆಂಟರಲ್ಲಿ ಹಳ್ಳ ಸರಿದ ಮೇಲೆ ಅಪ್ಪ ಆ ಕಲ್ಲನ್ನು ಕಿತ್ತು ಗಾಡಿಯಲ್ಲಿ ಹಾಕಿಕೊಂಡು ಮನೆಗೆ ತಂದ. ನೀನು ಆಗ ಚಿಂಚೋಳಿ ಎಂಐಡಿಸಿಯ ಕಾರಖಾನೆಯಲ್ಲಿ ದುಡಿಯುತ್ತಿದ್ದೆ, ನಿನಗೆ ತಿಳಿಯದು. ಇಪ್ಪತ್ತೈದು ವರ್ಷದಿಂದ ನೀನು ಬಚ್ಚಲದಲ್ಲಿ ಕೂತು ಜಳಕ ಮಾಡುವ ಕಲ್ಲು ಅದೇ. ಅಪ್ಪ ಸೊಲ್ಲಾಪುರಕ್ಕೆ ಬಂದು, "ಒಂದ ಸಾಲ ಬರದ ಕೊಡು ಅವ್ವಿ, ನಿನ್ನ ಮಾತಿಗಿ ತೂಕ ಐತಿ" ಎಂದ. ಊರಲ್ಲಿ ಮಗಳನ್ನು ಮ್ಯಾಟ್ರಿಕ್ ದಾಟಿಸಿದ ಮೊದಲನೆಯವನು ಅಪ್ಪ. ಅವನು ನನ್ನಿಂದ ಕೇಳಿದ್ದು ಅದೊಂದೇ. ಬರೆದುಕೊಟ್ಟೆ.

ಕಚೇರಿಯ ವಿಚಾರಣೆಯ ದಿನ ಸಾಹೇಬರು ಸಿದ್ದರಾಮಪ್ಪನನ್ನೂ ಕೇಳಿದರು, ಕಲ್ಲು ಇತ್ತೇನು ಎಂದು. ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. "ಅಕ್ಕಾರು ಹೇಳಿದ್ದ ಖರೆ ಐತ್ರಿ" ಎಂದು ಹೇಳಿ ಕೆಳಗೆ ಕೂತ. ಸುಳ್ಳು ಬರೆದದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ತಿಂದಿದೆ. ಇಪ್ಪತ್ತಾರು ವರ್ಷದಲ್ಲಿ ಅದನ್ನು ಯಾರಿಗೂ ಹೇಳಿಲ್ಲ, ನಿನ್ನ ಭಾವನಿಗೂ ಹೇಳಿಲ್ಲ.

ಅವ್ವನ ಮಾತು ಕೇಳಿದೆಯಲ್ಲ. ಅವಳು ಬಾಂದಗಲ್ಲು ನೆಡುವಾಗ ಅಲ್ಲೇ ನಿಂತಿದ್ದಳು. ಅಪ್ಪನ ಎದುರು ಬಾಯಿ ತೆರೆಯುವ ಹಾಗಿರಲಿಲ್ಲ. ತನ್ನನ್ನು ಅಲ್ಲಿ ಇಟ್ಟರೆ ಅಷ್ಟಗಲವಾದರೂ ನಾವು ಬಿತ್ತದೆ ಬಿಡುತ್ತೇವೆ ಎಂದುಕೊಂಡಳೋ ಏನೋ. ಇದು ನನ್ನ ಊಹೆ.

ಇಷ್ಟಾದ ಮೇಲೆ ನೀನು ಕೇಳಿದ ಸಾಲನ್ನು ನಾನು ಬರೆಯಲಾರೆ. ಮೋಜಣಿಗೆ ಬರುತ್ತೇನೆ, ಇದ್ದಿಲು ಇರುವ ಜಾಗ ತೋರಿಸುತ್ತೇನೆ. ಹಳ್ಳ ಎತ್ತ ಹರಿದರೂ ಆ ಎರಡು ಎಕರೆ ನಮ್ಮದಲ್ಲ. ಅವ್ವನ ಮಗ್ಗುಲು ನಿನಗೆ ತಪ್ಪುತ್ತದೆ, ತಪ್ಪಿಸುವವಳು ನಾನು. ಅದು ನನಗೆ ಸಂಕಟ. ಆದರೂ ಬರುತ್ತೇನೆ.

ಕಸ್ತೂರಬಾಯಿ


ಹಳ್ಳದ ವಸ್ತಿ
28 ಮಾರ್ಚ್ 2024

ಕಸ್ತೂರಬಾಯಿಯವರಿಗೆ,

ಕಾಗದ ಮುಟ್ಟಿತು. ಮೋಜಣಿಗೆ ಬರುವುದಾದರೆ ನೆಟ್ಟಗೆ ಹಳ್ಳಕ್ಕೆ ಹೋಗು. ಮನೆಗೆ ಬರಬೇಡ.

ಬಚ್ಚಲದ ಕಲ್ಲು ಕಿತ್ತು ಹಿತ್ತಲಿಗೆ ಎಸೆದಿದ್ದೇನೆ. ಯಾಕೆಂದು ಗುರುಬಾಯಿ ಕೇಳಿದಳು. ಜಾರುತ್ತದೆ ಎಂದು ಹೇಳಿದೆ.

ಕಲ್ಲಣ್ಣ


ಸೊಲ್ಲಾಪುರ
27 ಮೇ 2024

ಕಲ್ಲಣ್ಣಾ,

ಇಪ್ಪತ್ತಮೂರನೆಯ ತಾರೀಖಿನಂದು ನೀನು ದೂರದಲ್ಲಿ ಮೋಟರ್‌ಸೈಕಲ್ ಮೇಲೆ ಬೆನ್ನು ತಿರುಗಿಸಿ ಕೂತಿದ್ದೆ. ಬೆನ್ನಿಗೆ ಕಣ್ಣಿಲ್ಲವಾದ್ದರಿಂದ ಅಲ್ಲಿ ಆದದ್ದನ್ನು ಬರೆಯುತ್ತೇನೆ.

ತಡವಳದ ಬಸ್ ಇಳಿದು ಅಲ್ಲಿಗೆ ಬರುವುದರೊಳಗೆ ಹನ್ನೊಂದು ಹೊಡೆದಿತ್ತು. ಎರಡೂ ಕಡೆಯ ಮೋಜಣಿಯವರು ಬೇವಿನ ನೆರಳಿನಲ್ಲಿ ಚಹಾ ಕುಡಿಯುತ್ತಿದ್ದರು. ನನ್ನ ಹಳೆಯ ಕಾಗದ ಸುಳ್ಳೆಂದು ಹೊಸ ಕಾಗದ ಕೊಟ್ಟೆ. ಒಬ್ಬ ಸಾಹೇಬ ಅದನ್ನು ಎರಡು ಸಲ ಓದಿ, "ಆಜೀ, ಹೀಗೆ ಬರೆದುಕೊಟ್ಟರೆ ನಿಮಗೇ ತೊಂದರೆ" ಎಂದು ಮರಾಠಿಯಲ್ಲಿ ಹೇಳಿದ. ತೊಂದರೆ ಆಗಲೇ ಆಗಿದೆ ಎಂದೆ.

ಸಿದ್ದರಾಮಪ್ಪನ ಬಾವಿಯ ಮೂಲೆಯಿಂದ ಪಡುವಣಕ್ಕೆ ಅರವತ್ತು ಹೆಜ್ಜೆ. ಹತ್ತು ವರ್ಷದವಳಿದ್ದಾಗ ಎಣಿಸಿದ್ದು ಮರೆತಿರಲಿಲ್ಲ. ಅರವತ್ತು ಹೆಜ್ಜೆ ನಡೆದು ಇಲ್ಲೇ ಎಂದೆ. ಆಳುಗಳು ಎದೆಮಟ್ಟ ತೋಡಿದರು. ಬರೀ ಎರೆಮಣ್ಣು. ಶಿವಶರಣ ಹುಬ್ಬು ಹಾರಿಸಿದ. ಸಿದ್ದರಾಮಪ್ಪ ಅಲ್ಲಿಯತನಕ ಕೂತಿದ್ದವನು ಎದ್ದು ಬಂದ.

"ಅಕ್ಕಾರ, ಆಗ ನಿಮ್ಮ ಹೆಜ್ಜಿ ಸಣ್ಣು ಇದ್ದೂ. ಈಗ ದೊಡ್ಡ ಹೆಜ್ಜಿ ಹಾಕೀರಿ," ಎಂದು ಹದಿನಾಲ್ಕು ಹೆಜ್ಜೆ ತನ್ನ ಬಾವಿಯ ಕಡೆಗೇ ಹಿಂದಕ್ಕೆ ಬಂದು ನಿಂತ. ಮಗ, "ಅಪ್ಪಾ, ಅಕ್ಕಾರು ತೋರಿಸಿದ್ದ ಜಾಗದಾಗ ನಮ್ದ ಹೆಚ್ಚಿಗಿ ಬರತೈತಿ" ಎಂದು ಪಿಸುಗುಟ್ಟಿದ್ದು ನನಗೂ ಕೇಳಿಸಿತು. "ಸುಮ್ಕಿರಲೇ, ಕಿವಿ ಹಿಂಡಿಸ್ಕೊಂಡಾವ ನಾ," ಎಂದ.

ಅಲ್ಲಿ ಸಿಕ್ಕಿತು. ಎರೆಮಣ್ಣೂ ಕಪ್ಪು, ಇದ್ದಿಲೂ ಕಪ್ಪು, ಮೊದಲು ತಿಳಿಯಲಿಲ್ಲ. ಸಿದ್ದರಾಮಪ್ಪ ತಗ್ಗಿಗೆ ಇಳಿದು ಒಂದು ಹೆಂಟೆ ಹಿಸುಕಿ ಅಂಗೈ ತೋರಿಸಿದ. ಕೆಳಗೆ ಗಡಿಗೆಯ ಬೋಕಿಗಳಿದ್ದವು. ಸಾಹೇಬರು ಫೋಟೋ ತೆಗೆದುಕೊಂಡು ಎರಡೂ ಭಾಷೆಯಲ್ಲಿ ಪಂಚನಾಮೆ ಬರೆದರು. ಸಮಾಧಿ ಅಲ್ಲಿಂದ ಆಚೆಗೆ ಮೂವತ್ತು ಮಾರು. ಅದು ಅವನ ಹೊಲ.

ಎಲ್ಲ ಮುಗಿದ ಮೇಲೆ ಅವನನ್ನು ಕೇಳಿದೆ, ಆವತ್ತು ಯಾಕೆ ನನ್ನನ್ನು ಸುಳ್ಳಿ ಎನ್ನಲಿಲ್ಲ ಎಂದು.

"ನೀವು ಸಾಲಿ ಕಲಸಾವ್ರು," ಎಂದ. "ನಾಕ ಮಂದ್ಯಾಗ ನಿಮ್ಮ ಮಾರಿ ಸಣ್ಣದ ಮಾಡಾಕ ನನಗ ನಾಲಗಿ ಏಳಲಿಲ್ರಿ. ಅಪ್ಪ ವರ್ಸಗಟ್ಲೆ ಬೈದಾನ. ಬೈಸ್ಕೊಂಡೀನಿ."

ನಾನು ಅತ್ತೆ. ಹತ್ತು ವರ್ಷಕ್ಕೆ ಅಳದವಳು ಅರವತ್ತೆಂಟಕ್ಕೆ ಆಳುಗಳ ಮುಂದೆ ಅತ್ತೆ.

ನಿನ್ನ ಜಾಗದ ಮಾತನ್ನು ಅವನ ಹತ್ತಿರ ಎತ್ತಲಿಲ್ಲ. ಕೇಳುವ ಮುಖ ನನಗಿಲ್ಲ. ಕೇಳಬೇಕಾದವನು ನೀನು. ಒಂದು ಮಾತು ಕೇಳಿದರೆ ಬಾಯಲ್ಲಿನ ಮುತ್ತು ಉದುರುವುದಿಲ್ಲ.

ಹಿಂದಿರುಗುವಾಗ ಮನೆಯ ಮುಂದೆಯೇ ಹಾದು ಬಂದೆ. ಗುರುಬಾಯಿ ಬಾಗಿಲಲ್ಲಿ ನಿಂತಿದ್ದಳು. ಕೈ ಎತ್ತಿದಳು, ನಾನೂ ಎತ್ತಿದೆ. ಒಳಗೆ ಹೋಗಲಿಲ್ಲ.

ಕಸ್ತೂರಬಾಯಿ


ಹಳ್ಳದ ವಸ್ತಿ
24 ಅಕ್ಟೋಬರ್ 2024

ಅಕ್ಕಾ,

ದೀಪಾವಳಿಗೆ ಬಾ, ಮನೆಗೇ ಬಾ. ಭಾವನವರನ್ನೂ ಕರೆದುಕೊಂಡು ಬಾ. ಇದನ್ನು ಮೊದಲೇ ಬರೆದುಬಿಟ್ಟೆ. ಕೊನೆಗೆ ಬರೆಯುವೆನೆಂದರೆ ಸಿಟ್ಟು ತಿರುಗಿ ಬಂದೀತು. ಮಾರ್ಚ್ ತಿಂಗಳ ಆ ನಾಲ್ಕು ಸಾಲಿನ ಕಾಗದವನ್ನು ಇಟ್ಟುಕೊಂಡಿದ್ದರೆ ಹರಿದು ಹಾಕು.

ಏಳು ತಿಂಗಳು ನಿನ್ನ ಹೆಸರೆತ್ತಲಿಲ್ಲ. ಆ ಹೊಲದ ಕಡೆಗೂ ಹೋಗಲಿಲ್ಲ. ಮಳೆ ಈ ಸಲ ಚಲೋ ಆಯಿತು, ಹಳ್ಳ ಎರಡು ದಿನ ತುಂಬಿ ಹರಿಯಿತು, ಎತ್ತಲೂ ಸರಿಯಲಿಲ್ಲ. ಅವರು ಹಿಂಗಾರಿ ಜೋಳ ಬಿತ್ತಿದ ಸುದ್ದಿ ಬಂತು. ಸಮಾಧಿಯ ಮೇಲೆ ಕುಂಟೆ ಹೊಡೆದಿರಬಹುದೆಂದು ಮನಸ್ಸು ಕುದಿಯುತ್ತಿತ್ತು, ನೋಡಲು ಧೈರ್ಯವಿರಲಿಲ್ಲ.

ಮೊನ್ನೆ ಭಾನುವಾರ ಅವ್ವ ತೀರಿಕೊಂಡ ದಿನ. ಹದಿನೈದು ವರ್ಷ ಒಂದು ಸಲವೂ ಎಡೆ ತಪ್ಪಿಸಿಲ್ಲ. ಗುರುಬಾಯಿ ಬುತ್ತಿ ಕಟ್ಟಿ ಕೈಯಲ್ಲಿಟ್ಟು, "ಹೋಗಿ ಬರ್ರಿ, ಹೊಲ ಯಾರದರ ಇರವಲ್ದ್ಯಾಕ, ಅತ್ತಿ ನಮ್ಮಕಿ" ಎಂದಳು. ಚಪ್ಪಲಿ ಕೈಯಲ್ಲಿ ಹಿಡಿದು ಹಳ್ಳ ದಾಟಿದೆ. ಕೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಅಕ್ಕಾ, ನಾನು ಹುಟ್ಟಿದಾಗಿನಿಂದ ಯಾರ ಹತ್ತಿರವೂ ಏನನ್ನೂ ಬೇಡಿದವನಲ್ಲ. ಬೇಡುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ.

ಜೋಳ ಗೇಣುದ್ದ ಎದ್ದಿತ್ತು. ಸಮಾಧಿಯ ಮೇಲೆ ಕುಂಟೆ ಹಾದಿರಲಿಲ್ಲ. ಸುತ್ತ ದೊಡ್ಡ ಜಾಗವನ್ನೇ ಬೀಳು ಬಿಟ್ಟಿದ್ದರು, ಗಾಡಿ ತಿರುಗಿಸಬಹುದು ಅಷ್ಟು ದೊಡ್ಡದು. ಸಿದ್ದರಾಮಪ್ಪ ಬದುವಿನ ಮೇಲೆ ಕೂತಿದ್ದ. ನನ್ನ ಬಾಯಿಪಾಠವೆಲ್ಲ ಮರೆತುಹೋಯಿತು. ಬಾಯಿಗೆ ಬಂದದ್ದು ಹೇಳಿದೆ.

"ಇಷ್ಟ್ಯಾಕ ಬೀಳ ಬಿಟ್ಟೀದಿ? ಒಂದ ಸಮಾಧಿಗಿ ಇಷ್ಟ ಜಾಗ ಬೇಕೇನ?"

"ಒಂದಕ್ಕಲ್ಲ," ಎಂದ. "ಎಡಕ್ಕ ನಿನಗ. ವರ್ಸಾನಗಟ್ಲೆ ಊರ ತುಂಬ ಹೇಳ್ಕೋತ ತಿರಗೀದಿ. ಎಂಟ ಮಾರಿನ ಹಳ್ಳ, ಈ ದಂಡಿಗಿ ಕೇಳ್ಸಂಗಿಲ್ಲೇನ?"

ನಾನು ಬುತ್ತಿಯ ಗಂಟು ಕೆಳಗಿಟ್ಟೆ. ಮುಖ ಆಚೆ ತಿರುಗಿಸಿ ಕೇಳಿದೆ, "ಮತ್ತ ಬಲಕ್ಕ ಯಾಕ ಬಿಟ್ಟೀದಿ?"

"ಬಲಕ್ಕ ನಾ."

"ನಮ್ಮವ್ವನ ಮಗ್ಗಲಾಗ ನೀ ಯಾಕೋ?"

"ನನ್ನ ಹೊಲ ಅಲ್ಲೇನೋ ಇದು?" ಎಂದ ಸಿದ್ದರಾಮಪ್ಪ.

ಅಳುವೂ ನಗುವೂ ಕೂಡಿಯೇ ಬಂದವು. ಬುತ್ತಿ ಬಿಚ್ಚಿ ಅವ್ವನಿಗೆ ಎಡೆ ಇಟ್ಟು, ಉಳಿದದ್ದನ್ನು ಇಬ್ಬರೂ ಅಲ್ಲೇ ಕೂತು ಉಂಡೆವು. ಅವನು ಬಲಕ್ಕೆ ಕೂತಿದ್ದ, ನಾನು ಎಡಕ್ಕೆ.

ನಿನ್ನ ತಮ್ಮ
ಕಲ್ಲಣ್ಣ